15ನೇ ಸ್ಥಾನದಲ್ಲಿದ್ದವರು ಕಪ್ ಎತ್ತಿದ್ದು ಹೇಗೆ? ಚಾಂಪಿಯನ್ಸ್ ಲೀಗ್ 2024-25ರ ಲೆಕ್ಕ

2025ರ ಜೂನ್ 1, ಭಾನುವಾರ ಬೆಳಿಗ್ಗೆ. ವಾಟ್ಸ್ಆ್ಯಪ್ ತೆರೆದರೆ ಸ್ಟೇಟಸ್‌ಗಳಲ್ಲಿ ದೊಡ್ಡ ಕಿವಿಯ ಬೆಳ್ಳಿ ಕಪ್ಪಿನದೇ ಫೋಟೊ. ಅದಕ್ಕೆ ಕೆಲವು ಗಂಟೆ ಮುಂಚೆ ಜರ್ಮನಿಯ ಮ್ಯೂನಿಕ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್, ಅಂದರೆ ಪಿಎಸ್‌ಜಿ, ಇಟಲಿಯ ಇಂಟರ್ ಮಿಲಾನ್ ತಂಡವನ್ನು 5-0 ಗೋಲುಗಳಿಂದ ಸೋಲಿಸಿತ್ತು. ಐಪಿಎಲ್ ಬಿಟ್ಟು ಬೇರೇನೂ ನೋಡದ ನಮ್ಮ ಮಾವ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಪಾಯಿಂಟ್ಸ್ ಟೇಬಲ್ ಹುಡುಕಿದರು. ಒಂದೆರಡು ನಿಮಿಷ ನೋಡಿ ಕೇಳಿದರು: "ಅಲ್ಲಪ್ಪಾ, ಇವರು 15ನೇ ಸ್ಥಾನದಲ್ಲಿದ್ದಾರೆ. ಫಸ್ಟ್ ಇರೋದು ಲಿವರ್‌ಪೂಲ್. ಕಪ್ ಇವರಿಗೆ ಹೆಂಗೆ ಹೋಯ್ತು?"

ಒಳ್ಳೆಯ ಪ್ರಶ್ನೆ. ವರ್ಷಗಟ್ಟಲೆ ಫುಟ್‌ಬಾಲ್ ನೋಡುವವರೂ ಆ ಸೀಸನ್ನಿನಲ್ಲಿ ಪೆನ್ನು ಪೇಪರ್ ಹಿಡಿದು ಕೂತಿದ್ದರು. ಯಾಕೆಂದರೆ ಟೂರ್ನಿಯ ನಿಯಮವೇ ಆ ವರ್ಷ ಬದಲಾಗಿತ್ತು.

## ಮೊದಲು, ಇದು ಯಾರ ಟೂರ್ನಿ?

ವಿಶ್ವಕಪ್‌ನಲ್ಲಿ ದೇಶಗಳು ಆಡುತ್ತವೆ. ಚಾಂಪಿಯನ್ಸ್ ಲೀಗ್‌ನಲ್ಲಿ ಆಡುವುದು ಕ್ಲಬ್‌ಗಳು. ಆರ್‌ಸಿಬಿಯಲ್ಲಿ ದೆಹಲಿಯವರೂ ಇರುತ್ತಾರೆ, ಆಸ್ಟ್ರೇಲಿಯಾದವರೂ ಇರುತ್ತಾರೆ, ಅಲ್ವಾ? ಹಾಗೇ ಪಿಎಸ್‌ಜಿ ಪ್ಯಾರಿಸ್ಸಿನ ತಂಡವಾದರೂ ಆ ಸೀಸನ್ನಿನಲ್ಲಿ ಅದರ ಗೋಲುಕೀಪರ್ ಇಟಲಿಯವನಾಗಿದ್ದ, ನಾಯಕ ಬ್ರೆಜಿಲ್‌ನವನಾಗಿದ್ದ, ಕೋಚ್ ಸ್ಪೇನ್‌ನವರಾಗಿದ್ದರು.

ಯುರೋಪಿನ ಬಹುತೇಕ ಪ್ರತಿ ದೇಶದಲ್ಲೂ ಒಂದು ಲೀಗ್ ಇದೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್, ಸ್ಪೇನ್‌ನಲ್ಲಿ ಲಾ ಲೀಗಾ. ಈ ಲೀಗ್‌ಗಳಲ್ಲಿ ಮೇಲಿನ ಸ್ಥಾನ ಪಡೆದವರು ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಆಡುತ್ತಾರೆ. ತಮ್ಮ ದೇಶದ ಲೀಗ್ ವಾರಾಂತ್ಯದಲ್ಲಿ, ಇದು ಹೆಚ್ಚಾಗಿ ಮಂಗಳವಾರ, ಬುಧವಾರ. ಎರಡೂ ಒಟ್ಟೊಟ್ಟಿಗೆ ಸಾಗುತ್ತವೆ. ನಡೆಸುವುದು ಯುವೇಫಾ, ಅಂದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟ.

ಹೆಸರಿನಲ್ಲಿ 'ಚಾಂಪಿಯನ್ಸ್' ಎಂದಿದ್ದರೂ ಆಡುವವರೆಲ್ಲ ಚಾಂಪಿಯನ್ನರಲ್ಲ. 1955ರಲ್ಲಿ ಯುರೋಪಿಯನ್ ಕಪ್ ಎಂಬ ಹೆಸರಿನಲ್ಲಿ ಶುರುವಾದಾಗ ಅದು ಬಹುಮಟ್ಟಿಗೆ ಚಾಂಪಿಯನ್ ತಂಡಗಳ ಆಟವಾಗಿತ್ತು. 1992ರಲ್ಲಿ ಹೆಸರು ಬದಲಾಯಿತು. ಆಮೇಲೆ ದೊಡ್ಡ ದೇಶಗಳ ಎರಡು, ಮೂರು, ನಾಲ್ಕನೇ ಸ್ಥಾನದವರಿಗೂ ಬಾಗಿಲು ತೆರೆಯಿತು. 2024-25ರಲ್ಲಂತೂ ಫ್ರಾನ್ಸ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ಬ್ರೆಸ್ಟ್ ಎಂಬ ಸಣ್ಣ ಊರಿನ ಕ್ಲಬ್ಬೂ ಬಂತು. ಅವರ ಸ್ವಂತ ಮೈದಾನ ಯುವೇಫಾ ನಿಯಮಕ್ಕೆ ತಕ್ಕಂತಿರಲಿಲ್ಲ. ಹಾಗಾಗಿ ಪಕ್ಕದ ಗ್ಯಾಂಗಾಂ ಊರಿನ ಮೈದಾನದಲ್ಲಿ 'ತವರಿನ' ಪಂದ್ಯಗಳನ್ನು ಆಡಿದರು.

## ಹಳೇ ಪದ್ಧತಿ, ಹೊಸ ಪದ್ಧತಿ

2023-24ರವರೆಗೆ ಲೆಕ್ಕ ಸುಲಭವಿತ್ತು. 32 ತಂಡ. ನಾಲ್ಕು ನಾಲ್ಕರ ಎಂಟು ಗುಂಪು. ಗುಂಪಿನ ಮೂವರ ಜೊತೆ ಎರಡೆರಡು ಸಲ, ಒಟ್ಟು ಆರು ಪಂದ್ಯ. ಮೊದಲ ಎರಡು ಸ್ಥಾನದವರು ಮುಂದಕ್ಕೆ. ಇದರಲ್ಲಿ ಒಂದು ಕೊರತೆಯಿತ್ತು. ದೊಡ್ಡ ಕ್ಲಬ್‌ಗಳು ನಾಲ್ಕನೇ ಪಂದ್ಯದ ಹೊತ್ತಿಗೇ ಮುಂದಿನ ಸುತ್ತು ಖಚಿತ ಮಾಡಿಕೊಂಡು, ಉಳಿದ ಪಂದ್ಯಗಳಿಗೆ ಬೆಂಚಿನ ಮೇಲಿದ್ದವರನ್ನು ಇಳಿಸುತ್ತಿದ್ದವು. ನೋಡುವವರಿಗೆ ಬೇಸರ.

ಹೊಸ ಪದ್ಧತಿಯಲ್ಲಿ 36 ತಂಡ. ಗುಂಪೇ ಇಲ್ಲ, ಎಲ್ಲರಿಗೂ ಸೇರಿ ಒಂದೇ ಉದ್ದದ ಟೇಬಲ್. ಆದರೆ 36 ತಂಡಗಳು ಪರಸ್ಪರ ಆಡಬೇಕೆಂದರೆ ಒಬ್ಬೊಬ್ಬರಿಗೂ 35 ಪಂದ್ಯ. ಅಷ್ಟು ದಿನ ಯಾರ ಹತ್ತಿರವೂ ಇಲ್ಲ. ಹಾಗಾಗಿ ಪ್ರತಿ ತಂಡಕ್ಕೂ ಎಂಟೇ ಪಂದ್ಯ, ಎಂಟು ಬೇರೆ ಬೇರೆ ಎದುರಾಳಿಗಳು. ನಾಲ್ಕು ತವರಿನಲ್ಲಿ, ನಾಲ್ಕು ಎದುರಾಳಿಯ ಊರಿನಲ್ಲಿ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ.

ಇದಕ್ಕೆ 'ಸ್ವಿಸ್ ಮಾದರಿ' ಎಂದು ಹೆಸರು ಬಿತ್ತು. ಚೆಸ್ ಟೂರ್ನಿ ಆಡಿದವರಿಗೆ ಸ್ವಿಸ್ ಲೀಗ್ ಗೊತ್ತಿರುತ್ತದೆ. ಆದರೆ ಚೆಸ್‌ನಲ್ಲಿ ಒಂದು ಸುತ್ತು ಮುಗಿದ ಮೇಲೆ, ಅಂಕ ನೋಡಿ ಮುಂದಿನ ಜೋಡಿ ಹಾಕುತ್ತಾರೆ. ಇಲ್ಲಿ ಎಂಟೂ ಎದುರಾಳಿಗಳು ಯಾರೆಂದು ಮೊದಲೇ ತೀರ್ಮಾನ. ಹೆಸರು ಸ್ವಿಸ್, ಅಡುಗೆ ಬೇರೆ.

## ಯಾರಿಗೆ ಯಾರು ಎದುರಾಳಿ?

ನಮ್ಮೂರಿನ ಕಬಡ್ಡಿ, ವಾಲಿಬಾಲ್ ಟೂರ್ನಿಗಳಲ್ಲಿ ಚೀಟಿ ಎತ್ತಿ ಟೈಸ್ ಹಾಕುತ್ತಾರಲ್ಲ, ಅದೇ ಕೆಲಸ. ಕಳೆದ ಐದು ವರ್ಷಗಳ ಸಾಧನೆ ನೋಡಿ 36 ತಂಡಗಳನ್ನು ಒಂಬತ್ತು ಒಂಬತ್ತರಂತೆ ನಾಲ್ಕು 'ಪಾಟ್'ಗಳಿಗೆ ಹಾಕುತ್ತಾರೆ. ಪಾಟ್ ಎಂದರೆ ಬುಟ್ಟಿ ಅಂದುಕೊಳ್ಳಿ. ಪ್ರತಿ ತಂಡಕ್ಕೂ ಪ್ರತಿ ಬುಟ್ಟಿಯಿಂದ ಇಬ್ಬರು ಎದುರಾಳಿಗಳು, ಒಬ್ಬರು ತವರಿನಲ್ಲಿ, ಇನ್ನೊಬ್ಬರು ಹೊರಗೆ. ತಮ್ಮದೇ ದೇಶದ ತಂಡ ಬರುವಂತಿಲ್ಲ. ಬೇರೆ ಯಾವುದೇ ಒಂದು ದೇಶದಿಂದ ಎರಡಕ್ಕಿಂತ ಜಾಸ್ತಿ ತಂಡಗಳೂ ಬರುವಂತಿಲ್ಲ.

ಇಷ್ಟೆಲ್ಲ ಷರತ್ತು ಇಟ್ಟುಕೊಂಡು ಕೈಯಲ್ಲಿ ಚೀಟಿ ಎತ್ತುತ್ತಾ ಕೂತರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೇ 2024ರ ಆಗಸ್ಟ್ 29ರಂದು ಮೊನಾಕೊದಲ್ಲಿ ತಂಡದ ಚೆಂಡನ್ನು ಮಾತ್ರ ಕೈಯಿಂದ ಎತ್ತಿದರು. ಎದುರಾಳಿಗಳನ್ನು ಕಂಪ್ಯೂಟರ್ ಆರಿಸಿತು.

ಪಿಎಸ್‌ಜಿ ಪಾಲಿಗೆ ಬಂದವರನ್ನು ನೋಡಿ. ಮೊದಲ ಬುಟ್ಟಿಯಿಂದ ಮ್ಯಾಂಚೆಸ್ಟರ್ ಸಿಟಿ, ಬಯರ್ನ್ ಮ್ಯೂನಿಕ್. ಎರಡನೆಯದರಿಂದ ಅಟ್ಲೆಟಿಕೊ ಮ್ಯಾಡ್ರಿಡ್, ಆರ್ಸೆನಲ್. ಮೂರನೆಯದರಿಂದ ನೆದರ್ಲೆಂಡ್ಸ್‌ನ ಪಿಎಸ್‌ವಿ, ಸಾಲ್ಜ್‌ಬರ್ಗ್. ನಾಲ್ಕನೆಯದರಿಂದ ಜಿರೋನಾ, ಸ್ಟುಟ್‌ಗಾರ್ಟ್. ಕೊನೆಯ ಬುಟ್ಟಿಯಲ್ಲಿ ತೀರಾ ಸುಲಭದ ತಂಡಗಳೂ ಇದ್ದವು. ಪ್ಯಾರಿಸ್‌ಗೆ ಸಿಕ್ಕಿದ್ದು ಜರ್ಮನಿಯಲ್ಲಿ ಹಿಂದಿನ ವರ್ಷ ಎರಡನೇ ಸ್ಥಾನ ಪಡೆದಿದ್ದ ಸ್ಟುಟ್‌ಗಾರ್ಟ್! ಮಾವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಎಲ್ಲರೂ ಒಂದೇ ಟೇಬಲ್ಲಿನಲ್ಲಿದ್ದರೂ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರಲಿಲ್ಲ.

## ಟೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈ ಟೇಬಲ್ಲಿನಲ್ಲಿ ಮೊದಲ ಸ್ಥಾನ ಬಂದರೆ ಕಪ್ ಇಲ್ಲ. ಟೇಬಲ್ ಮಾಡುವುದು ಒಂದೇ ಕೆಲಸ, 36 ಜನರನ್ನು ಮೂರು ಸಾಲಿನಲ್ಲಿ ನಿಲ್ಲಿಸುವುದು.

1ರಿಂದ 8ನೇ ಸ್ಥಾನದವರು ನೇರವಾಗಿ 16ರ ಘಟ್ಟಕ್ಕೆ. ನಮ್ಮ ಟೂರ್ನಿಗಳ ಭಾಷೆಯಲ್ಲಿ ಹೇಳುವುದಾದರೆ ಅವರಿಗೆ 'ಬೈ' ಸಿಕ್ಕಿತು. 9ರಿಂದ 24ರವರೆಗಿನ 16 ತಂಡಗಳು ಪ್ಲೇ-ಆಫ್ ಆಡಬೇಕು, ಅದರಲ್ಲಿ ಗೆದ್ದ ಎಂಟು ತಂಡ 16ರ ಘಟ್ಟಕ್ಕೆ. 25ರಿಂದ 36 ಮನೆಗೆ. ಮೊದಲೆಲ್ಲ ಗುಂಪಿನಲ್ಲಿ ಮೂರನೇ ಸ್ಥಾನ ಬಂದವರು ಎರಡನೇ ದರ್ಜೆಯ ಯುರೋಪಾ ಲೀಗ್‌ಗಾದರೂ ಹೋಗುತ್ತಿದ್ದರು. ಈಗ ಅದೂ ಇಲ್ಲ.

ಐಪಿಎಲ್‌ನಲ್ಲಿ ಹತ್ತರಲ್ಲಿ ನಾಲ್ಕು ತಂಡ ಮುಂದೆ ಹೋಗುತ್ತವೆ. ಇಲ್ಲಿ 36ರಲ್ಲಿ 24. ಅಂದರೆ ಮೂರರಲ್ಲಿ ಎರಡು ಪಾಲು. ಜರಡಿಯ ಕಣ್ಣು ದೊಡ್ಡದು. ಪ್ಯಾರಿಸ್ ಉಳಿದುಕೊಂಡಿದ್ದು ಇದರಿಂದಲೇ.

ಮೊದಲ ಐದು ಪಂದ್ಯಗಳಲ್ಲಿ ಅವರ ಪಾಡು ನೋಡಿ. ಜಿರೋನಾ ವಿರುದ್ಧ 1-0 ಗೆಲುವು, ಅದೂ ಕೊನೆಯ ನಿಮಿಷದಲ್ಲಿ ಎದುರಾಳಿ ಗೋಲುಕೀಪರ್ ಮಾಡಿದ ಎಡವಟ್ಟಿನಿಂದ. ಆರ್ಸೆನಲ್ ವಿರುದ್ಧ 0-2 ಸೋಲು. ಪಿಎಸ್‌ವಿ ಜೊತೆ 1-1 ಡ್ರಾ. ಅಟ್ಲೆಟಿಕೊ ವಿರುದ್ಧ 1-2, ಬಯರ್ನ್ ವಿರುದ್ಧ 0-1 ಸೋಲು. ಐದು ಪಂದ್ಯ, ನಾಲ್ಕು ಅಂಕ. ಮೊದಲ 24ರೊಳಗೂ ಇರಲಿಲ್ಲ. ಹಳೇ ಪದ್ಧತಿಯಲ್ಲಿ ಎದುರಾಳಿಗಳೇ ಬೇರೆಯಿರುತ್ತಿದ್ದರು, ನಿಜ. ಆದರೂ ಆರರಲ್ಲಿ ಐದು ಪಂದ್ಯ ಮುಗಿದ ಮೇಲೆ ನಾಲ್ಕೇ ಅಂಕ ಎಂದರೆ ಬಹುತೇಕ ಗಂಟುಮೂಟೆ ಕಟ್ಟುವ ಸಮಯ. ಇಲ್ಲಿ ಇನ್ನೂ ಮೂರು ಪಂದ್ಯ ಬಾಕಿ ಇದ್ದವು. ಸಾಲ್ಜ್‌ಬರ್ಗ್‌ನಲ್ಲಿ 3-0. ಜನವರಿ 22ರಂದು ಪ್ಯಾರಿಸ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 0-2 ಹಿಂದಿದ್ದವರು 4-2ರಿಂದ ಗೆದ್ದರು. ಕೊನೆಗೆ ಸ್ಟುಟ್‌ಗಾರ್ಟ್‌ನಲ್ಲಿ 4-1. ಒಟ್ಟು 13 ಅಂಕ, 15ನೇ ಸ್ಥಾನ. ಮೇಲಿದ್ದ ಲಿವರ್‌ಪೂಲ್‌ಗೆ 21.

## ಒಂದು ರಾತ್ರಿ, 18 ಪಂದ್ಯ

ಜನವರಿ 29. ಕೊನೆಯ ಸುತ್ತಿನ 18 ಪಂದ್ಯಗಳೂ ಒಂದೇ ಹೊತ್ತಿಗೆ ಶುರುವಾದವು. ಬೇರೆಯವರ ಫಲಿತಾಂಶ ನೋಡಿಕೊಂಡು ತಮಗೆ ಬೇಕಾದಂತೆ ಆಡುವುದನ್ನು ತಪ್ಪಿಸಲು ಹೀಗೆ ಮಾಡುತ್ತಾರೆ.

ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸ. ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಸಿಗುವ ಸಂಖ್ಯೆ. ಕ್ರಿಕೆಟ್‌ನ ನೆಟ್ ರನ್‌ರೇಟ್ ಇದ್ದ ಹಾಗೆ, ಆದರೆ ಕ್ಯಾಲ್ಕ್ಯುಲೇಟರ್ ಬೇಡ. ಅದೂ ಸಮವಾದರೆ ಯಾರು ಜಾಸ್ತಿ ಗೋಲು ಹೊಡೆದಿದ್ದಾರೆ ಎಂದು ನೋಡುತ್ತಾರೆ.

ಇದರ ಬಿಸಿ ತಟ್ಟಿದ್ದು ಕ್ರೊವೇಷಿಯಾದ ಡೈನಮೊ ಜಾಗ್ರೆಬ್‌ಗೆ. ಆ ರಾತ್ರಿ ಅವರು ಎಸಿ ಮಿಲಾನ್ ತಂಡವನ್ನೇ 2-1ರಿಂದ ಸೋಲಿಸಿ 11 ಅಂಕ ಮಾಡಿಕೊಂಡರು. ಬೆಲ್ಜಿಯಮ್‌ನ ಕ್ಲಬ್ ಬ್ರೂಗ್‌ಗೂ 11 ಅಂಕವೇ. ಬ್ರೂಗ್‌ನ ಗೋಲು ವ್ಯತ್ಯಾಸ ಮೈನಸ್ 4, ಜಾಗ್ರೆಬ್‌ನದು ಮೈನಸ್ 7. ಬ್ರೂಗ್ 24ನೇ ಸ್ಥಾನ, ಜಾಗ್ರೆಬ್ 25. ಒಂದು ಮೆಟ್ಟಿಲು ಕೆಳಗೆ.

ಆ ಮೈನಸ್ 7 ಬಂದಿದ್ದೆಲ್ಲಿಂದ? ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯದಲ್ಲೇ ಬಯರ್ನ್ ಅವರನ್ನು 9-2ರಿಂದ ಚಚ್ಚಿತ್ತು. ಉಳಿದ ಏಳು ಪಂದ್ಯಗಳಲ್ಲಿ ಹೊಡೆದಿದ್ದು ಹತ್ತು, ಬಿಟ್ಟಿದ್ದು ಹತ್ತು. ಅಂದರೆ ಇಡೀ ಸೀಸನ್ನಿನ ಸಾಲ ಒಂದೇ ರಾತ್ರಿಯದು. ಅಂದು 6-2ರಿಂದ ಸೋತಿದ್ದರೂ ಸಾಕಿತ್ತು. ಗೋಲು ವ್ಯತ್ಯಾಸ ಸಮವಾಗಿ, ಹೊಡೆದ ಗೋಲುಗಳ ಲೆಕ್ಕದಲ್ಲಿ ಬ್ರೂಗ್‌ಗಿಂತ ಮೇಲೆ ಬರುತ್ತಿದ್ದರು. ಸೋತೇ ಹೋದ ಪಂದ್ಯದಲ್ಲಿ ಏಳನೇ, ಎಂಟನೇ ಗೋಲು ತಡೆಯಲು ಯಾಕೆ ಅಷ್ಟು ಒದ್ದಾಡುತ್ತಾರೆ ಎಂದು ಕೇಳುವವರಿಗೆ ನಾನು ಈ ಕತೆ ಹೇಳುತ್ತೇನೆ.

## ಎರಡು ಲೆಗ್ ಅಂದರೇನು?

ಇಲ್ಲಿಂದ ನಾಕೌಟ್. ಸೋತರೆ ಮನೆಗೆ. ಆದರೆ ಫೈನಲ್ ಬಿಟ್ಟು ಉಳಿದೆಲ್ಲ ಸುತ್ತಿನಲ್ಲೂ ಒಂದೇ ಪಂದ್ಯದಲ್ಲಿ ತೀರ್ಮಾನವಿಲ್ಲ. ಒಬ್ಬರ ಊರಿನಲ್ಲಿ ಒಂದು, ಇನ್ನೊಬ್ಬರ ಊರಿನಲ್ಲಿ ಒಂದು. ಇವಕ್ಕೆ ಲೆಗ್ ಎನ್ನುತ್ತಾರೆ. ಎರಡರ ಗೋಲುಗಳನ್ನು ಕೂಡಿಸಿ ಫಲಿತಾಂಶ. ಟೆಸ್ಟ್ ಪಂದ್ಯದಲ್ಲಿ ಎರಡು ಇನಿಂಗ್ಸ್ ಕೂಡಿಸುತ್ತಾರಲ್ಲ, ಹಾಗೇ. ಒಂದು ಇನಿಂಗ್ಸ್‌ನಲ್ಲಿ ಹಿಂದೆ ಬಿದ್ದರೂ ಟೆಸ್ಟ್ ಗೆಲ್ಲಬಹುದು. ಒಂದು ಲೆಗ್ ಸೋತರೂ ಮುಂದೆ ಹೋಗಬಹುದು.

ಆ ಸೀಸನ್ನಿನಲ್ಲಿ ಇದಕ್ಕೆ ಉದಾಹರಣೆ ಬೇಕಾದಷ್ಟು. ಕ್ವಾರ್ಟರ್‌ಫೈನಲ್‌ನಲ್ಲಿ ಬಾರ್ಸಿಲೋನಾ ಡಾರ್ಟ್‌ಮಂಡ್ ತಂಡವನ್ನು 4-0ಯಿಂದ ಸೋಲಿಸಿತು. ಮುಂದಿನ ವಾರ ಜರ್ಮನಿಯಲ್ಲಿ 1-3ರಿಂದ ಸೋತಿತು. ಒಟ್ಟು 5-3, ಬಾರ್ಸಿಲೋನಾ ಮುಂದಕ್ಕೆ. ಪಿಎಸ್‌ಜಿ ಕೂಡ ಆ್ಯಸ್ಟನ್ ವಿಲ್ಲಾ ವಿರುದ್ಧ 3-1 ಗೆದ್ದು, 2-3 ಸೋತು, ಒಟ್ಟು 5-4ರಿಂದ ಸೆಮಿಫೈನಲ್ ತಲುಪಿತು. ಅಂದರೆ ಕಪ್ ಗೆದ್ದವರು ನಾಕೌಟ್‌ನಲ್ಲೇ ಎರಡು ಪಂದ್ಯ ಸೋತಿದ್ದಾರೆ. ಇನ್ನೊಂದರ ಕತೆ ಮುಂದೆ ಬರುತ್ತದೆ.

ಒಟ್ಟು ಗೋಲು ಸಮವಾದರೆ? ಮೊದಲು ಒಂದು ನಿಯಮವಿತ್ತು. ಹೊರಗಿನ ಮೈದಾನದಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ ಎಂದು. ಹಳಬರು ಈಗಲೂ ಅದೇ ಲೆಕ್ಕ ಹಾಕುತ್ತಾರೆ. ನಾಕೌಟ್‌ನಲ್ಲಿ 2021-22ರಿಂದ ಅದಿಲ್ಲ. ಈಗ ಸಮವಾದರೆ 30 ನಿಮಿಷ ಹೆಚ್ಚುವರಿ ಆಟ, ಆಗಲೂ ಸಮವಾದರೆ ಪೆನಾಲ್ಟಿ ಶೂಟೌಟ್. ತಲಾ ಐದು ಒದೆತ, ಎದುರಿಗೆ ಗೋಲುಕೀಪರ್ ಮಾತ್ರ.

ಪ್ಲೇ-ಆಫ್‌ನಲ್ಲಿ ಪಿಎಸ್‌ಜಿ ಎದುರಿಗೆ ಬಂದಿದ್ದು ತಮ್ಮದೇ ದೇಶದ ಬ್ರೆಸ್ಟ್. ಈ ಹಂತದಲ್ಲಿ ಒಂದೇ ದೇಶದವರು ಎದುರಾಗಬಾರದು ಎಂಬ ನಿಯಮವಿಲ್ಲ. 3-0, 7-0. ಒಟ್ಟು 10-0. ಪಾಪ ಬ್ರೆಸ್ಟ್.

## ಮೊದಲ ಸ್ಥಾನದ ಬಹುಮಾನ

ಲಿವರ್‌ಪೂಲ್ ಎಂಟರಲ್ಲಿ ಏಳು ಪಂದ್ಯ ಗೆದ್ದಿತ್ತು. ಅದಕ್ಕೆ ಸಿಕ್ಕ ಲಾಭವೇನು? ಪ್ಲೇ-ಆಫ್ ಆಡುವುದು ತಪ್ಪಿತು, ಮತ್ತು 16ರ ಘಟ್ಟದ ಎರಡನೇ ಲೆಗ್ ತವರಿನಲ್ಲಿ. ಎದುರಾಳಿ ಯಾರೆಂಬುದೂ ಟೇಬಲ್ಲಿಗೆ ಕಟ್ಟುಬಿದ್ದಿರುತ್ತದೆ. 1 ಮತ್ತು 2ನೇ ಸ್ಥಾನದವರಿಗೆ, 15ರಿಂದ 18ನೇ ಸ್ಥಾನದವರ ಪ್ಲೇ-ಆಫ್ ಗೆದ್ದು ಬಂದವರು. ಮೇಲಿದ್ದವರಿಗೆ ಕೆಳಗಿನವರು ಸಿಗಲಿ ಎಂಬ ಉದ್ದೇಶ.

ಹಾಗೆ ಬಂದವರು ಇಬ್ಬರು. ಪೋರ್ಚುಗಲ್‌ನ ಬೆನ್‌ಫಿಕಾ ಮತ್ತು ಪಿಎಸ್‌ಜಿ. ಡ್ರಾದಲ್ಲಿ ಬೆನ್‌ಫಿಕಾ ಬಾರ್ಸಿಲೋನಾ ಪಾಲಾಯಿತು. ಮೊದಲ ಸ್ಥಾನದವರಿಗೆ ಸಿಕ್ಕಿದ್ದು ಅಷ್ಟು ಹೊತ್ತಿಗೆ ಯುರೋಪಿನಲ್ಲೇ ಅತಿ ಚುರುಕಾಗಿದ್ದ ತಂಡ. ಟೇಬಲ್ಲಿನಲ್ಲಿ ಬರೆದ ಸಂಖ್ಯೆ ಜನವರಿಯದು, ಪಂದ್ಯ ನಡೆದಿದ್ದು ಮಾರ್ಚ್‌ನಲ್ಲಿ. ಜನವರಿಯಲ್ಲಿ ಜಾರ್ಜಿಯಾದ ಕ್ವಾರಾಟ್ಸ್‌ಖೇಲಿಯಾ ನಾಪೋಲಿ ಬಿಟ್ಟು ಪ್ಯಾರಿಸ್‌ಗೆ ಬಂದಿದ್ದ. ಉಸ್ಮಾನ್ ಡೆಂಬೆಲೆ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ.

ಪ್ಯಾರಿಸ್‌ನ ಮೊದಲ ಲೆಗ್‌ನಲ್ಲಿ ಪಿಎಸ್‌ಜಿ ದಾಳಿ ಮೇಲೆ ದಾಳಿ ಮಾಡಿತು. ಲಿವರ್‌ಪೂಲ್ ಗೋಲುಕೀಪರ್ ಅಲಿಸನ್ ಒಂಬತ್ತು ಸಲ ತಡೆದ. 87ನೇ ನಿಮಿಷದಲ್ಲಿ ಹಾರ್ವಿ ಎಲಿಯಟ್ ಗೋಲು ಹೊಡೆದು, ಲಿವರ್‌ಪೂಲ್ 1-0. ಇದೇ ಆ ಇನ್ನೊಂದು ಸೋಲು. ಎರಡನೇ ಲೆಗ್‌ನಲ್ಲಿ, ಲಿವರ್‌ಪೂಲ್‌ನ ತವರು ಮೈದಾನ ಆ್ಯನ್‌ಫೀಲ್ಡ್‌ನಲ್ಲಿ, ಡೆಂಬೆಲೆ ಬೇಗನೇ ಗೋಲು ಹೊಡೆದು ಒಟ್ಟು ಲೆಕ್ಕವನ್ನು 1-1 ಮಾಡಿದ. ಹೆಚ್ಚುವರಿ ಆಟದಲ್ಲೂ ತೀರ್ಮಾನವಾಗಲಿಲ್ಲ. ಶೂಟೌಟ್‌ನಲ್ಲಿ ಪಿಎಸ್‌ಜಿ ಗೋಲುಕೀಪರ್ ಡೊನ್ನಾರುಮ್ಮ ಎರಡು ಒದೆತ ತಡೆದ. 4-1. ಟೇಬಲ್ಲಿನ ಮೊದಲ ಸ್ಥಾನದವರು ಮನೆಗೆ ಹೋದರು. ಮಾವನ ಪ್ರಶ್ನೆಗೆ ಉಳಿದರ್ಧ ಉತ್ತರ ಇದು.

ಮರುದಿನ ರಾತ್ರಿ ಮ್ಯಾಡ್ರಿಡ್‌ನಲ್ಲಿ ಇನ್ನೊಂದು ಶೂಟೌಟ್, ಇನ್ನೊಂದು ಗಲಾಟೆ. ಅಟ್ಲೆಟಿಕೊದ ಹೂಲಿಯನ್ ಅಲ್ವಾರೆಸ್ ಪೆನಾಲ್ಟಿ ಒದೆಯುವಾಗ ಜಾರಿದ. ಚೆಂಡು ಒಳಗೇನೋ ಹೋಯಿತು. ಆದರೆ ಊರಿದ್ದ ಕಾಲಿಗೂ ಚೆಂಡು ಒಂಚೂರು ತಗುಲಿತ್ತು. ಬೇರೆಯವರು ಮುಟ್ಟುವ ಮೊದಲು ಒದ್ದವನೇ ಎರಡನೇ ಸಲ ಮುಟ್ಟುವಂತಿಲ್ಲ. ಗೋಲು ರದ್ದಾಯಿತು, ರಿಯಲ್ ಮ್ಯಾಡ್ರಿಡ್ ಗೆದ್ದಿತು. ಅದಾದ ಮೇಲೆ, ಜೂನ್‌ನಲ್ಲಿ, ನಿಯಮ ರೂಪಿಸುವ ಮಂಡಳಿ ಒಂದು ಸ್ಪಷ್ಟನೆ ಕೊಟ್ಟಿತು. ಹೀಗೆ ಗೊತ್ತಿಲ್ಲದೆ ಎರಡು ಸಲ ತಾಗಿ ಚೆಂಡು ಗೋಲಾದರೆ, ಇನ್ನೊಮ್ಮೆ ಒದೆಯಲು ಬಿಡಬೇಕು. ಅಟ್ಲೆಟಿಕೊಗೆ ತಡವಾಗಿ ಬಂದ ಸಮಾಧಾನ.

ಇನ್ನೂ ಒಂದು ನಿಯಮ ಬದಲಾಯಿತು. ಆ ವರ್ಷ ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳ ಎರಡನೇ ಲೆಗ್ ಯಾರ ಊರಿನಲ್ಲಿ ಎಂಬುದು ಡ್ರಾದಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಮೂರನೇ ಸ್ಥಾನದ ಆರ್ಸೆನಲ್, 15ನೇ ಸ್ಥಾನದ ಪಿಎಸ್‌ಜಿ ವಿರುದ್ಧ ಸೆಮಿಫೈನಲ್ ಎರಡನೇ ಲೆಗ್ ಆಡಲು ಪ್ಯಾರಿಸ್‌ಗೆ ಹೋಗಬೇಕಾಯಿತು. ಒಟ್ಟು 3-1ರಿಂದ ಸೋತಿತು. 2025-26ರಿಂದ ಆ ಲಾಭವನ್ನು ಟೇಬಲ್ಲಿನಲ್ಲಿ ಮೇಲಿದ್ದವರಿಗೇ ಕೊಡಲು ಯುವೇಫಾ ಒಪ್ಪಿತು.

## ಪಂದ್ಯ ಜಾಸ್ತಿ ಮಾಡಿದ್ದು ಯಾಕೆ?

ದುಡ್ಡು. ಸುಮ್ನೆ ಸುತ್ತಿಬಳಸುವುದು ಬೇಡ. ಹಳೇ ಪದ್ಧತಿಯಲ್ಲಿ 125 ಪಂದ್ಯ, ಹೊಸದರಲ್ಲಿ 189. ಪಂದ್ಯ ಜಾಸ್ತಿಯಾದಷ್ಟೂ ಟಿವಿಗೆ ಮಾರಲು ಜಾಸ್ತಿ ಸರಕು. ಲೀಗ್ ಹಂತಕ್ಕೆ ಬಂದ ಪ್ರತಿ ಕ್ಲಬ್‌ಗೂ, ಎಲ್ಲ ಪಂದ್ಯ ಸೋತರೂ, 1.86 ಕೋಟಿ ಯೂರೊ ಸಿಕ್ಕಿತು. ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿಗಿಂತ ಜಾಸ್ತಿ. ಅದರ ಮೇಲೆ ಒಂದು ಗೆಲುವಿಗೆ 21 ಲಕ್ಷ ಯೂರೊ, ಡ್ರಾಗೆ 7 ಲಕ್ಷ. ಎಂಟಕ್ಕೆ ಎಂಟೂ ಸೋತ ಸ್ಲೊವಾನ್ ಬ್ರಾಟಿಸ್ಲಾವ, ಯಂಗ್ ಬಾಯ್ಸ್ ತಂಡಗಳೂ ಬರಿಗೈಲಿ ಹೋಗಲಿಲ್ಲ. ಇನ್ನೊಂದು ಕಡೆ, ಆಟಗಾರರಿಗೆ ವಿಶ್ರಾಂತಿಯೇ ಇಲ್ಲ ಎಂಬ ದೂರು ಜೋರಾಗಿತ್ತು. ಪ್ಲೇ-ಆಫ್ ದಾರಿಯಲ್ಲಿ ಬಂದ ಪಿಎಸ್‌ಜಿ ಈ ಒಂದು ಟೂರ್ನಿಯಲ್ಲೇ 17 ಪಂದ್ಯ ಆಡಿತು.

## ಮ್ಯೂನಿಕ್‌ನ ರಾತ್ರಿ

ಫೈನಲ್‌ಗೆ ಎರಡು ಲೆಗ್ ಇಲ್ಲ. ಮೊದಲೇ ಗೊತ್ತುಮಾಡಿದ ಊರಿನಲ್ಲಿ ಒಂದೇ ಪಂದ್ಯ. ಪಿಎಸ್‌ಜಿಯ ಹಕೀಮಿ 12ನೇ ನಿಮಿಷದಲ್ಲಿ ಮೊದಲ ಗೋಲು ಹೊಡೆದ. ಇಂಟರ್ ಅವನ ಹಳೇ ಕ್ಲಬ್. ಹಾಗಾಗಿ ಕೈ ಮುಂದೆ ಮಾಡಿ ಕ್ಷಮೆ ಕೇಳುವಂತೆ ನಿಂತ, ಕುಣಿಯಲಿಲ್ಲ. 19 ವರ್ಷದ ಡೆಸಿರೆ ಡುಯೆ ಎರಡು ಗೋಲು. ನಂತರ ಕ್ವಾರಾಟ್ಸ್‌ಖೇಲಿಯಾ, ಕೊನೆಗೆ ಇನ್ನೊಬ್ಬ 19ರ ಹುಡುಗ ಮಯುಲು. ಈ ಟೂರ್ನಿಯ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅಲ್ಲಿಯವರೆಗೆ ಆಗಿರಲಿಲ್ಲ.

ಪಿಎಸ್‌ಜಿಗೆ ಇದು ಮೊದಲ ಕಪ್. 2011ರಲ್ಲಿ ಕತಾರ್‌ನವರು ಕೊಂಡ ಮೇಲೆ ನೇಮಾರ್, ಎಂಬಾಪೆ, ಮೆಸ್ಸಿ ಎಲ್ಲರನ್ನೂ ತಂದರು. ಕಪ್ ಬರಲಿಲ್ಲ. 2024ರಲ್ಲಿ ಎಂಬಾಪೆಯೂ ಬಿಟ್ಟುಹೋದ. ದೊಡ್ಡ ಹೆಸರುಗಳೆಲ್ಲ ಖಾಲಿಯಾದ ಮರುವರ್ಷ ಬಂತು. ಇಷ್ಟು ಹೇಳುವಷ್ಟರಲ್ಲಿ ಮಾವ "ನಮ್ ಆರ್‌ಸಿಬಿ ಥರಾನೇ" ಎಂದರು. ಅಂದು ಜೂನ್ 1. ಆರ್‌ಸಿಬಿ ಇನ್ನೂ ಫೈನಲ್‌ಗೆ ಕಾಯುತ್ತಿತ್ತು. ಎರಡು ದಿನ ಬಿಟ್ಟು, ಅಹಮದಾಬಾದ್‌ನಲ್ಲಿ, ಅವರ ಮೊದಲ ಕಪ್ಪೂ ಬಂತು.

## ನೋಡಬೇಕೆಂದರೆ

ಯುರೋಪಿನಲ್ಲಿ ರಾತ್ರಿ 9 ಗಂಟೆಯ ಪಂದ್ಯ ನಮಗೆ ಚಳಿಗಾಲದಲ್ಲಿ ಮಧ್ಯರಾತ್ರಿ 1:30ಕ್ಕೆ, ಬೇಸಿಗೆಯಲ್ಲಿ 12:30ಕ್ಕೆ ಶುರು. ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ, ಹಿಂದೆ ಮಾಡುವುದರಿಂದ ಈ ವ್ಯತ್ಯಾಸ. ಲೀಗ್ ಹಂತದಲ್ಲಿ ಕೆಲವು ಪಂದ್ಯ ಇದಕ್ಕಿಂತ ಎರಡೂಕಾಲು ಗಂಟೆ ಮೊದಲೇ ಇರುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅವೇ ವಾಸಿ. ಆ ವರ್ಷ ಇಂಟರ್-ಬಾರ್ಸಿಲೋನಾ ಸೆಮಿಫೈನಲ್ ನೋಡಲು ನಾನು ಎರಡೂವರೆಗೆ ಮಲಗಿಬಿಡೋಣ ಅಂದುಕೊಂಡೇ ಕೂತಿದ್ದೆ. ಮೊದಲ ಲೆಗ್ 3-3 ಆಗಿತ್ತು. ಎರಡನೆಯದರಲ್ಲಿ ಬಾರ್ಸಿಲೋನಾ 3-2 ಮುಂದಿತ್ತು, 90 ನಿಮಿಷ ಮುಗಿದಿತ್ತು. 93ನೇ ನಿಮಿಷದಲ್ಲಿ ಇಂಟರ್‌ನ 37 ವರ್ಷದ ಡಿಫೆಂಡರ್ ಅಚೆರ್ಬಿ ಎಲ್ಲಿಂದಲೋ ಮುಂದೆ ಬಂದು ಗೋಲು ಹೊಡೆದ. ಇನ್ನೂ 30 ನಿಮಿಷ. ಒಟ್ಟು 7-6ಕ್ಕೆ ಇಂಟರ್ ಗೆದ್ದಾಗ ಇಲ್ಲಿ ಮೂರು ಗಂಟೆ ದಾಟಿತ್ತು.